ಗೇಮ್ ಟೆಸ್ಟ್ ಮಾಡೋದು, ಬ್ಯಾಲೆನ್ಸ್ ಮಾಡೋದು ಹೇಗೆ? ಮೊದಲ ಆಟ ಕಟ್ಟುತ್ತಿರುವವರಿಗೆ ಹಂತ ಹಂತದ ಮಾರ್ಗದರ್ಶಿ

ಮೊದಲ ಗೇಮ್ ಮಾಡುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಗೇಮ್ ಓಡ್ತಿದೆ, ಕ್ರ್ಯಾಶ್ ಆಗ್ತಿಲ್ಲ. ಆದ್ರೆ ಕೆಲವರು ತುಂಬಾ ಕಷ್ಟ ಅಂತಾರೆ, ಇನ್ನು ಕೆಲವರು ಎರಡೇ ನಿಮಿಷಕ್ಕೆ ಬೋರ್ ಅಂತಾರೆ. ಯಾವ ನಂಬರ್ ಬದಲಾಯಿಸಲಿ?"

ನಂಬರ್ ಬದಲಾಯಿಸುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದ್ದು ಸಾಕಷ್ಟಿದೆ. ಈ ಲೇಖನದಲ್ಲಿ ಅದನ್ನೆಲ್ಲ ಒಂದೊಂದಾಗಿ ನೋಡೋಣ. ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ, ಜಾಸ್ತಿ ದುಡ್ಡಿಲ್ಲದೆ ಗೇಮ್ ಮಾಡುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ಗೊಂದಲ ತಿಳಿಯಾಗಬೇಕು. ಟೆಸ್ಟಿಂಗ್ ಅಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಬಗ್ ಹುಡುಕುವುದು: ಗೋಡೆಯೊಳಗೆ ಪಾತ್ರ ಸಿಕ್ಕಿಕೊಳ್ಳುತ್ತದಾ, ಸೇವ್ ಮಾಡಿದ ಆಟ ಮತ್ತೆ ತೆರೆಯುತ್ತದಾ, ಇಂಥವು. ಕಂಪನಿಗಳಲ್ಲಿ ಕ್ಯೂಎ ಅನ್ನುವುದು ಇದನ್ನೇ. ಇನ್ನೊಂದು ಪ್ಲೇಟೆಸ್ಟ್: ಆಟ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಅವರು ಹೇಗೆ ಆಡುತ್ತಾರೆ ಅಂತ ನೋಡುವುದು. ಬ್ಯಾಲೆನ್ಸಿಂಗ್ ಈ ಎರಡನೆಯದರ ಜೊತೆ ಬರುತ್ತದೆ. ಬ್ಯಾಲೆನ್ಸ್ ಅಂದರೆ ಎಲ್ಲ ಆಯುಧವೂ ಒಂದೇ ಬಲದ್ದಾಗಿರಬೇಕು ಅಂತಲ್ಲ. ಆಟಗಾರರ ಮುಂದೆ ಪ್ರತಿ ಸಲ ಒಂದು ನಿಜವಾದ ಆಯ್ಕೆ ಇರಬೇಕು. "ಇದನ್ನು ತಗೊಂಡರೆ ಸಾಕು, ಉಳಿದದ್ದೆಲ್ಲ ದಂಡ" ಅನ್ನಿಸಿದ ಕ್ಷಣ ಆ ಆಯ್ಕೆ ಸತ್ತುಹೋಗುತ್ತದೆ.

ಏನೇನು ಬೇಕು?

ಒಂದು ಸ್ಪ್ರೆಡ್‌ಶೀಟ್. ಒಂದು ನೋಟ್‌ಬುಕ್. ಸ್ಕ್ರೀನ್ ರೆಕಾರ್ಡ್ ಮಾಡುವ ಸೌಲಭ್ಯ. ಕಂಪ್ಯೂಟರ್‌ನಲ್ಲಿ ಓಬಿಎಸ್ ಸ್ಟುಡಿಯೋ ಉಚಿತವಾಗಿ ಸಿಗುತ್ತದೆ, ಈಗಿನ ಬಹುತೇಕ ಫೋನ್‌ಗಳಲ್ಲಿ ರೆಕಾರ್ಡರ್ ಅದರಲ್ಲೇ ಇರುತ್ತದೆ. ಮೊಬೈಲ್ ಗೇಮ್ ಆದರೆ ಒಂದು ಕಡಿಮೆ ಬೆಲೆಯ ಹಳೇ ಫೋನ್ ಖಂಡಿತ ಬೇಕು.

ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದವರು ಹೊಸಬರು. ನಿಮ್ಮ ಆಟವನ್ನು ಯಾರೇ ಆಗಲಿ ಮೊದಲ ಸಲ ಆಡುವುದು ಒಂದೇ ಒಂದು ಸಲ. ಎರಡನೇ ಸಲ ಅವರಿಗೆ ಎಲ್ಲ ಗೊತ್ತಿರುತ್ತದೆ. ಹಾಗಾಗಿ ಗೊತ್ತಿರುವ ಇಪ್ಪತ್ತು ಜನಕ್ಕೂ ಒಂದೇ ದಿನ ಲಿಂಕ್ ಕಳಿಸಿಬಿಡಬೇಡಿ. ಒಂದು ಸುತ್ತಿಗೆ ನಾಲ್ಕೈದು ಜನ ಸಾಕು. ದೊಡ್ಡ ತೊಡಕುಗಳು ಅಷ್ಟರಲ್ಲೇ ಕಣ್ಣಿಗೆ ಬೀಳುತ್ತವೆ. ಅವನ್ನು ಸರಿಮಾಡಿ, ಆಮೇಲೆ ಮುಂದಿನ ನಾಲ್ಕೈದು ಜನರನ್ನು ಕರೆಯಿರಿ.

ಹಂತ 1: ಆಟ ಹೇಗನ್ನಿಸಬೇಕು ಅಂತ ಒಂದು ಸಾಲು ಬರೆಯಿರಿ

ಈ ಲೇಖನದುದ್ದಕ್ಕೂ ಒಂದು ಚಿಕ್ಕ ಗೇಮನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೊಲ ಕಾಯುವ ಆಟ. ರಾತ್ರಿ ಕಾಡುಹಂದಿಗಳು ಹೊಲಕ್ಕೆ ನುಗ್ಗುತ್ತವೆ. ಆಟಗಾರರು ನಾಣ್ಯ ಕೊಟ್ಟು ಕವಣೆಯವನನ್ನು ನಿಲ್ಲಿಸಬಹುದು, ಪಟಾಕಿ ಇಡಬಹುದು, ಮುಳ್ಳುಬೇಲಿ ಹಾಕಬಹುದು. ದಾರಿಯುದ್ದಕ್ಕೂ ಕಾವಲು ಇಟ್ಟು ನುಗ್ಗುವವರನ್ನು ತಡೆಯುವ ಇಂಥ ಆಟಗಳಿಗೆ ಟವರ್ ಡಿಫೆನ್ಸ್ ಅನ್ನುತ್ತಾರೆ.

ಇದಕ್ಕೆ ಗುರಿಯ ಸಾಲು ಹೀಗಿರಬಹುದು: "ಪ್ರತಿ ರಾತ್ರಿಯ ಕೊನೆಯ ಅರ್ಧ ನಿಮಿಷ ಎದೆ ಡವಡವ ಅನ್ನಬೇಕು, ಆದರೆ ಸೋತರೆ ತಪ್ಪು ತನ್ನದೇ ಅಂತ ಆಟಗಾರರಿಗೆ ಗೊತ್ತಾಗಬೇಕು." ಇದನ್ನು ಬರೆದು ಗೋಡೆಗೆ ಅಂಟಿಸಿ. ಆಮೇಲೆ ಯಾರಾದರೂ "ತುಂಬಾ ಕಷ್ಟ" ಅಂದಾಗ ಅದು ಬೇಕಾದ ಕಷ್ಟವೋ ಬೇಡದ್ದೋ ಅಂತ ತೀರ್ಮಾನಿಸಲು ಈ ಸಾಲೇ ಆಧಾರ. ಇದಿಲ್ಲದಿದ್ದರೆ ಕಡೆಯದಾಗಿ ಮಾತಾಡಿದವರ ಮಾತಿಗೆ ತಕ್ಕಂತೆ ಆಟ ಬದಲಾಗುತ್ತಾ ಹೋಗುತ್ತದೆ.

ಹಂತ 2: ಕಾಗದದ ಮೇಲೆ ಆಡಿ ನೋಡಿ

ಸರದಿ ಪ್ರಕಾರ ಆಡುವ ಆಟ, ಕಾರ್ಡ್ ಆಟ, ಟವರ್ ಡಿಫೆನ್ಸ್ ಇವನ್ನೆಲ್ಲ ಕೋಡ್ ಬರೆಯುವ ಮುಂಚೆ ಚೌಕದ ಹಾಳೆ ಮತ್ತು ಹುಣಸೆಬೀಜ ಇಟ್ಟುಕೊಂಡು ಆಡಬಹುದು. ನೆಗೆತ, ಗುರಿಯಿಟ್ಟು ಹೊಡೆಯುವುದು ಮುಂತಾದ ಕೈಚಳಕದ ಆಟಗಳಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ನೇರ ಮೂರನೇ ಹಂತಕ್ಕೆ ಹೋಗಿ.

ಎರಡು ಕಡೆಯವರ ಬಲ ಬೇರೆ ಬೇರೆಯಾಗಿರುವ ಗೇಮ್ ಮಾಡುತ್ತಿದ್ದರೆ ನಮ್ಮ ಹುಲಿ-ಕುರಿ ಆಟವನ್ನು ಒಮ್ಮೆ ಕೂತು ಆಡಿ. ಮೂರೇ ಹುಲಿ, ಎದುರಿಗೆ ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿ ಏನನ್ನೂ ತಿನ್ನಲಾರದು, ಹುಲಿಯನ್ನು ಸುತ್ತಿಕೊಂಡು ಅಲುಗಾಡದಂತೆ ಮಾಡಬಹುದು ಅಷ್ಟೇ. ಎರಡೂ ಕಡೆಗೆ ಬಲವೂ ಬೇರೆ, ಗೆಲ್ಲುವ ದಾರಿಯೂ ಬೇರೆ. ಇನ್ನೂ ಎರಡು ಕುರಿ ಕಡಿಮೆ ಮಾಡಿ ಆಡಿ ನೋಡಿ, ಒಂದು ಸಂಖ್ಯೆ ಆಟದ ಸ್ವಭಾವವನ್ನೇ ಎಷ್ಟು ಬದಲಿಸುತ್ತದೆ ಅಂತ ಕೈಗೇ ತಿಳಿಯುತ್ತದೆ.

ಹಂತ 3: ಸಂಖ್ಯೆಗಳನ್ನು ಕೋಡ್‌ನಿಂದ ಹೊರಗೆ ತನ್ನಿ

ಜೀವ, ಏಟು, ಬೆಲೆ, ವೇಗ ಈ ಸಂಖ್ಯೆಗಳು ಕೋಡ್‌ನ ಹತ್ತು ಕಡೆ ಚದುರಿದ್ದರೆ ಬ್ಯಾಲೆನ್ಸ್ ಮಾಡಲು ಆಗುವುದೇ ಇಲ್ಲ. ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಯೂನಿಟಿ, ಗೋಡೋ ಇವು ಗೇಮ್ ಕಟ್ಟುವ ಸಾಫ್ಟ್‌ವೇರ್‌ಗಳು. ಯೂನಿಟಿ ಬಳಸುವವರು ಸ್ಕ್ರಿಪ್ಟಬಲ್ ಆಬ್ಜೆಕ್ಟ್‌ನಲ್ಲಿ, ಗೋಡೋ ಬಳಸುವವರು ರಿಸೋರ್ಸ್ ಕಡತದಲ್ಲಿ ಇಡಬಹುದು. ಸ್ಪ್ರೆಡ್‌ಶೀಟ್‌ನಿಂದ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯ ಕಡತ) ಮಾಡಿ ಓದಿಸಿಕೊಂಡರೂ ಆಯ್ತು.

ಈಗ ಲೆಕ್ಕ ಹಾಕೋಣ. ಹೊಲ ಕಾಯುವ ಆಟದ ಸಂಖ್ಯೆಗಳು ಹೀಗಿವೆ ಅಂದುಕೊಳ್ಳಿ:

ಕವಣೆ: ಬೆಲೆ 100 ನಾಣ್ಯ. ಸೆಕೆಂಡಿಗೆ ಒಂದು ಕಲ್ಲು, ಏಟು 10 (ಒಂದು ಕಲ್ಲಿಗೆ ಪ್ರಾಣಿಯ 10 ಜೀವ ಹೋಗುತ್ತದೆ).
ಪಟಾಕಿ: ಬೆಲೆ 250 ನಾಣ್ಯ. 4 ಸೆಕೆಂಡಿಗೊಮ್ಮೆ ಸಿಡಿಯುತ್ತದೆ, ಸುತ್ತಲಿರುವ ಎಲ್ಲ ಪ್ರಾಣಿಗೂ 40.
ಮುಳ್ಳುಬೇಲಿ: ಬೆಲೆ 50 ನಾಣ್ಯ. ಪ್ರಾಣಿಯ ವೇಗ ಅರ್ಧವಾಗುತ್ತದೆ.
ಹಂದಿ: ಜೀವ 60. ಕವಣೆಯ ಕಲ್ಲು ತಲುಪುವ ಜಾಗದಲ್ಲಿ 5 ಸೆಕೆಂಡ್ ಇರುತ್ತದೆ.

ಮೊದಲು ಕವಣೆ ಮತ್ತು ಪಟಾಕಿ. ಕವಣೆಗೆ ಹಾಕಿದ 100 ನಾಣ್ಯಕ್ಕೆ ಸೆಕೆಂಡಿಗೆ 10 ಏಟು ಸಿಗುತ್ತದೆ. ಪಟಾಕಿ ಒಂದೇ ಹಂದಿಯ ಮೇಲೆ ಸಿಡಿದರೆ 4 ಸೆಕೆಂಡಿಗೆ 40, ಅಂದರೆ ಸೆಕೆಂಡಿಗೆ 10. ಆದರೆ ಬೆಲೆ 250, ಹಾಗಾಗಿ 100 ನಾಣ್ಯಕ್ಕೆ ಸಿಕ್ಕಿದ್ದು ಬರೀ 4. ಎರಡು ಹಂದಿ ಒಟ್ಟಿಗೆ ಬಂದರೆ 8, ಮೂರು ಬಂದರೆ 12. ಒಳ್ಳೆಯ ಸುದ್ದಿ! ಒಂದೊಂದೇ ಬರುವ ಹಂದಿಗೆ ಕವಣೆ, ಹಿಂಡಾಗಿ ಬಂದರೆ ಪಟಾಕಿ. ಆಟಗಾರರು ಯೋಚನೆ ಮಾಡಿ ಆರಿಸಬೇಕಾದ ವಿಷಯ ಇದು. ಈ ಜೋಡಿಯನ್ನು ಮುಟ್ಟಬೇಡಿ.

ಈಗ ಬೇಲಿ ನೋಡಿ. ಒಂದು ಕವಣೆಯಿಂದ 5 ಸೆಕೆಂಡಿನಲ್ಲಿ 50 ಏಟು. ಹಂದಿಗೆ ಇನ್ನೂ 10 ಜೀವ ಉಳಿದಿದೆ, ದಾಟಿಹೋಯಿತು. ಬೇಲಿ ಹಾಕಿದರೆ ಅದೇ ಹಂದಿ 10 ಸೆಕೆಂಡ್ ಇರುತ್ತದೆ, ಏಟು 100 ಆಗುತ್ತದೆ. ಅಂದರೆ 50 ನಾಣ್ಯದ ಬೇಲಿ 100 ನಾಣ್ಯದ ಇನ್ನೊಂದು ಕವಣೆಯ ಕೆಲಸ ಮಾಡಿತು. ನಾಲ್ಕು ಕವಣೆ ಇದ್ದಾಗ? ಬೇಲಿ ಇಲ್ಲದೆ 200 ಏಟು, ಬೇಲಿ ಇದ್ದರೆ 400. ಅದೇ 50 ನಾಣ್ಯದ ಬೇಲಿ ಈಗ 400 ನಾಣ್ಯದಷ್ಟು ಕವಣೆಯ ಕೆಲಸ ಮಾಡುತ್ತಿದೆ. ಸಾಲದ್ದಕ್ಕೆ ನಿಧಾನವಾದ ಹಂದಿಗಳು ಗುಂಪುಗೂಡುತ್ತವೆ, ಪಟಾಕಿಯೂ ಬಲವಾಗುತ್ತದೆ. ಆಟ ಮುಂದೆ ಹೋದಷ್ಟೂ ಬೇಲಿಯ ಬೆಲೆ ಬಿಟ್ಟಿ ಆಗುತ್ತಾ ಹೋಗುತ್ತದೆ.

ಯಾವ ಪರಿಸ್ಥಿತಿಯಲ್ಲೂ ಬೇರೆಲ್ಲಕ್ಕಿಂತ ಒಳ್ಳೆಯದಾದ ಇಂಥ ದಾರಿಗೆ ಡಾಮಿನೆಂಟ್ ಸ್ಟ್ರಾಟೆಜಿ ಅನ್ನುತ್ತಾರೆ. ಇಲ್ಲಿ ಕಾರಣ ಸ್ಪಷ್ಟ: ಕವಣೆ ಕೂಡುತ್ತದೆ, ಬೇಲಿ ಗುಣಿಸುತ್ತದೆ. ಗುಣಿಸುವ ಯಾವ ವಸ್ತುವನ್ನು ಕಂಡರೂ, ವೇಗ ಅರ್ಧ, ಏಟು ಎರಡರಷ್ಟು, ನಾಣ್ಯ ಶೇಕಡಾ 50 ಜಾಸ್ತಿ, ಅದನ್ನು ಮೊದಲು ಅನುಮಾನಿಸಿ.

ಹೊಸಬರು ತಕ್ಷಣ ಬೇಲಿಯ ಬೆಲೆಯನ್ನು 200 ಮಾಡುತ್ತಾರೆ. ಅದರಿಂದ ಏನಾಗುತ್ತದೆ? ಆಟದ ಶುರುವಿನಲ್ಲಿ ಯಾರೂ ಬೇಲಿ ಕೊಳ್ಳುವುದಿಲ್ಲ, ಕೊನೆಯಲ್ಲಿ ಎಲ್ಲರೂ ಕೊಳ್ಳುತ್ತಾರೆ. ಎರಡೂ ಕಡೆ ಆಯ್ಕೆ ಇಲ್ಲ. ಬೆಲೆಯ ಬದಲು ನಿಯಮವನ್ನು ಬದಲಿಸಿ. ಬೇಲಿಯನ್ನು ಐದು ಹಂದಿ ದಾಟಿದ ಮೇಲೆ ಅದು ಮುರಿಯಲಿ. ಅಥವಾ ಕೋತಿಗಳು ಬರಲಿ, ಅವು ಬೇಲಿಯನ್ನು ನೆಗೆದು ಹೋಗುತ್ತವೆ. ಅಥವಾ ಆನೆ ಬರಲಿ, ತುಳಿದು ಹಾಕುತ್ತದೆ. ನನಗೆ ಕೋತಿಯ ದಾರಿ ಇಷ್ಟ. ಯಾಕಂದ್ರೆ ಬೇಲಿ ದುರ್ಬಲವಾಗದೆ, ಅದನ್ನು ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆ ಹುಟ್ಟುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ. ಕವಣೆಗೆ ಅಪ್‌ಗ್ರೇಡ್ ಕೊಟ್ಟು ಏಟನ್ನು 10ರಿಂದ 11 ಮಾಡಿದಿರಿ. 60 ಜೀವದ ಹಂದಿಗೆ ಮೊದಲು 6 ಕಲ್ಲು ಬೇಕಿತ್ತು. ಈಗ? ಐದು ಕಲ್ಲಿಗೆ 55, ಇನ್ನೂ ಸತ್ತಿಲ್ಲ. ಆರನೇ ಕಲ್ಲೇ ಬೇಕು. ಆಟಗಾರರು ನಾಣ್ಯ ಕೊಟ್ಟರು, ಹಂದಿಯ ವಿಷಯದಲ್ಲಿ ಏನೂ ಬದಲಾಗಲಿಲ್ಲ. 12 ಮಾಡಿದರೆ ಐದೇ ಕಲ್ಲು ಸಾಕು. ಹೀಗೆ ಪರಿಣಾಮ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಶೀಟ್‌ನಲ್ಲಿ "ಎಷ್ಟು ಕಲ್ಲಿಗೆ ಬೀಳುತ್ತದೆ" ಅನ್ನುವ ಒಂದು ಕಾಲಂ ಇಡಿ. ಜೀವವನ್ನು ಏಟಿನಿಂದ ಭಾಗಿಸಿ, ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ.

ಹಂತ 4: ನೀವೇ ಆಡಿ, ಆದರೆ ಆಟ ಮುರಿಯಲು ಆಡಿ

ನಿಮ್ಮ ಆಟವನ್ನು ನೀವು ಚೆನ್ನಾಗಿ ಆಡುತ್ತೀರಿ, ಅದರಲ್ಲಿ ಪ್ರಯೋಜನವಿಲ್ಲ. ಬರೀ ಕವಣೆ ಬಳಸಿ ಗೆಲ್ಲಲು ನೋಡಿ. ಬರೀ ಪಟಾಕಿ ಬಳಸಿ ನೋಡಿ. ಏನೂ ಮಾಡದೆ ಸುಮ್ನೆ ಕೂತು ಎಷ್ಟು ಹೊತ್ತು ಬದುಕಬಹುದು ನೋಡಿ. ಎಲ್ಲ ನಾಣ್ಯವನ್ನೂ ಕೂಡಿಟ್ಟು ಕೊನೆಯಲ್ಲಿ ಒಟ್ಟಿಗೆ ಖರ್ಚು ಮಾಡಿ. ಒಂದೇ ವಸ್ತುವಿನಿಂದ ಆಟ ಪೂರ್ತಿ ಗೆಲ್ಲಬಹುದಾದರೆ ಹೊರಗಿನವರನ್ನು ಕರೆಯುವ ಮುಂಚೆಯೇ ಸರಿಮಾಡಿ.

ಇದೇ ಹಂತದಲ್ಲಿ ಆಟವನ್ನು ಹಳೇ ಫೋನಿನಲ್ಲೂ ಹೊಸ ಫೋನಿನಲ್ಲೂ ಓಡಿಸಿ. ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಪ್ರತಿ ಚಿತ್ರವೂ ಒಂದು ಫ್ರೇಮ್. ಹಂದಿಯ ಓಟವನ್ನು ಪ್ರತಿ ಫ್ರೇಮ್‌ಗೆ ಇಷ್ಟು ಅಂತ ಬರೆದಿದ್ದರೆ, ಸೆಕೆಂಡಿಗೆ 120 ಫ್ರೇಮ್ ತೋರಿಸುವ ಫೋನಿನಲ್ಲಿ ಅದು 60ರ ಫೋನಿಗಿಂತ ಎರಡು ಪಟ್ಟು ಜೋರಾಗಿ ಓಡುತ್ತದೆ. ನಿಮ್ಮ ಟೆಸ್ಟರ್‌ಗಳು ಒಬ್ಬೊಬ್ಬರೂ ಒಂದೊಂದು ಬೇರೆ ಆಟ ಆಡಿದಂತೆ ಆಗುತ್ತದೆ. ಎರಡು ಫ್ರೇಮ್‌ಗಳ ನಡುವೆ ಕಳೆದ ಸಮಯಕ್ಕೆ ಡೆಲ್ಟಾ ಟೈಮ್ ಅನ್ನುತ್ತಾರೆ, ವೇಗವನ್ನು ಅದರಿಂದ ಗುಣಿಸಿ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವು ವೇಗವಾಗುತ್ತಿದ್ದದ್ದು ಯಂತ್ರದ ಮಿತಿಯಿಂದಲೇ. ಬಿಡಿಸಬೇಕಾದ ಚಿತ್ರ ಕಡಿಮೆಯಾದಷ್ಟೂ ಯಂತ್ರ ಬೇಗ ಬಿಡಿಸುತ್ತಿತ್ತು. ವಿನ್ಯಾಸಕ ತೊಮೊಹಿರೊ ನಿಶಿಕಾಡೊ ಅದು ಆಟಕ್ಕೆ ಬಿರುಸು ತರುತ್ತದೆ ಅಂತ ಕಂಡು ಹಾಗೇ ಉಳಿಸಿಕೊಂಡರು. ಅಲ್ಲಿ ಎಲ್ಲರ ಮುಂದಿದ್ದದ್ದು ಒಂದೇ ಯಂತ್ರ. ನಿಮ್ಮ ಆಟ ಸಾವಿರ ಬಗೆಯ ಫೋನಿನಲ್ಲಿ ಓಡಬೇಕು.

ಕನ್ನಡದಲ್ಲಿ ಆಟ ಮಾಡುವವರು ಅಕ್ಷರಗಳನ್ನೂ ಈಗಲೇ ನೋಡಿಕೊಳ್ಳಿ. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಒತ್ತಕ್ಷರ, ಗುಣಿತ ಜಾಗ ತಪ್ಪುವುದುಂಟು. 2023ರಲ್ಲಿ ಬಂದ ಗೋಡೋ 4 ಭಾರತೀಯ ಲಿಪಿಗಳನ್ನು ಜೋಡಿಸಬಲ್ಲದು. ಸೂಚನೆಯನ್ನು ಓದಲಾಗದೆ ಸೋತವರನ್ನು ನೋಡಿ ನೀವು ಹಂದಿಯ ಜೀವ ಕಡಿಮೆ ಮಾಡಿದರೆ ಕಾಯಿಲೆ ಒಂದು, ಮದ್ದು ಇನ್ನೊಂದು.

ಹಂತ 5: ಬೇರೆಯವರನ್ನು ಕೂರಿಸಿ, ನೀವು ಮಾತಾಡಬೇಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಜನ ಜಾಸ್ತಿ ಕೆಡಿಸುವುದೂ ಇದನ್ನೇ.

ಯಾರನ್ನು ಕರೆಯಬೇಕು? ಮೊದಲ ಬಗ್‌ಗಳನ್ನು ಹಿಡಿಯಲು ಮನೆಯವರು, ಗೆಳೆಯರು ಸಾಕು. ಆಟ ಹೇಗಿದೆ ಅಂತ ತಿಳಿಯಲು ಅವರು ಸಾಲದು. "ಸೂಪರ್ ಆಗಿದೆ ಕಣೋ" ಅನ್ನುವುದು ನಿಮ್ಮ ಮೇಲಿನ ಪ್ರೀತಿಯ ಮಾತು. ನಿಮ್ಮ ಆಟದ ಬಗೆಯನ್ನು ಈಗಾಗಲೇ ಆಡುವ, ನಿಮ್ಮ ಪರಿಚಯ ಅಷ್ಟಾಗಿ ಇಲ್ಲದವರನ್ನು ಹುಡುಕಿ. ಗೆಳೆಯರ ಗೆಳೆಯರು, ಪಕ್ಕದ ಕಾಲೇಜಿನ ಹುಡುಗ ಹುಡುಗಿಯರು, ಆಫೀಸಿನ ಇನ್ನೊಂದು ವಿಭಾಗದವರು. ರೆಕಾರ್ಡ್ ಮಾಡುವುದಾದರೆ ಮುಂಚೆಯೇ ಕೇಳಿ. ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು.

ಶುರುವಿನಲ್ಲಿ ಇಷ್ಟು ಹೇಳಿ: "ನಾನು ಟೆಸ್ಟ್ ಮಾಡ್ತಿರೋದು ಆಟವನ್ನ, ನಿಮ್ಮನ್ನಲ್ಲ. ಮನಸ್ಸಿಗೆ ಬಂದದ್ದನ್ನ ಜೋರಾಗಿ ಹೇಳ್ತಾ ಆಡಿ. ನಾನು ಮಧ್ಯೆ ಉತ್ತರ ಕೊಡಲ್ಲ, ಬೇಜಾರು ಮಾಡ್ಕೋಬೇಡಿ." ಆಮೇಲೆ ಸ್ವಲ್ಪ ಹಿಂದೆ, ಪಕ್ಕಕ್ಕೆ ಕೂತುಕೊಳ್ಳಿ. ಅವರು ತಪ್ಪು ಬಟನ್ ಒತ್ತುತ್ತಾರೆ. ಬಾಗಿಲು ಎದುರಿಗೇ ಇದ್ದರೂ ಕಾಣುವುದಿಲ್ಲ. ಬಾಯಿಗೆ ಬಂದ ಸುಳಿವನ್ನು ನುಂಗಿಕೊಳ್ಳಿ. ಆಟ ಬಿಡುಗಡೆಯಾದ ಮೇಲೆ ಪ್ರತಿಯೊಬ್ಬರ ಪಕ್ಕದಲ್ಲೂ ನೀವು ಕೂತಿರುವುದಿಲ್ಲ, ಅಲ್ವಾ? ಪೂರ್ತಿ ಸಿಕ್ಕಿಹಾಕಿಕೊಂಡು ಕೆಲವು ನಿಮಿಷ ಕಳೆದರೆ ಮಾತ್ರ ದಾಟಿಸಿ, "ಇಲ್ಲಿ ಸಹಾಯ ಮಾಡಿದೆ" ಅಂತ ಬರೆದುಕೊಳ್ಳಿ.

ಬರೆದುಕೊಳ್ಳುವುದು ಸಮಯದ ಜೊತೆಗಿರಲಿ. ಹೊಲ ಕಾಯುವ ಆಟದ ಟಿಪ್ಪಣಿ ಹೀಗಿರಬಹುದು:

0:40 – ಕವಣೆಯನ್ನು ದಾರಿಯಿಂದ ದೂರ ಇಟ್ಟರು. ಕಲ್ಲು ಎಲ್ಲಿಯವರೆಗೆ ಹೋಗುತ್ತದೆ ಅಂತ ತಿಳಿದಿಲ್ಲ.
2:10 – ಪಟಾಕಿಯ ಮೇಲೆ ಬೆರಳಿಟ್ಟರು, ಬೆಲೆ ನೋಡಿ ತೆಗೆದರು.
3:25 – 340 ನಾಣ್ಯ ಇದೆ, ಏನೂ ಕೊಳ್ಳುತ್ತಿಲ್ಲ. ಎಡ ಹೆಬ್ಬೆರಳು ನಾಣ್ಯದ ಲೆಕ್ಕದ ಮೇಲೇ ಇದೆ.
4:05 – ಸೋತರು. "ಎಲ್ಲಿಂದ ಬಂತು ಇದು?" ಅಂದರು.
4:20 – ಹೇಳದೆಯೇ ಮತ್ತೆ ಶುರು ಮಾಡಿದರು.

ಈ ಐದು ಸಾಲಿನಲ್ಲಿ ಎಷ್ಟು ಸಿಕ್ಕಿತು ನೋಡಿ. ನಾಣ್ಯದ ಲೆಕ್ಕ ಬೆರಳಿನ ಕೆಳಗೆ ಮುಚ್ಚಿಹೋಗಿದೆ, ಅದನ್ನು ಮೇಲಕ್ಕೆ ಸಾಗಿಸಬೇಕು. ಕೊನೆಯ ಹಂದಿ ಪರದೆಯ ಹೊರಗಿನಿಂದ ಬಂದಿದೆ, ಮುಂಚೆಯೇ ಒಂದು ಗುರುತೋ ಸದ್ದೋ ಬೇಕು. ಒಂದೇ ಒಂದು ಏಟು, ಜೀವ, ಬೆಲೆಯನ್ನೂ ಮುಟ್ಟುವ ಅಗತ್ಯವಿಲ್ಲ. ಇನ್ನು ಕೊನೆಯ ಸಾಲು ನಿಮಗೆ ಸಿಕ್ಕಿದ ದೊಡ್ಡ ಹೊಗಳಿಕೆ. ಸೋತವರು ಯಾರೂ ಹೇಳದೆ ಮತ್ತೆ ಆಡಿದರು.

ಆಟ ಮುಗಿದ ಮೇಲೆ ಪ್ರಶ್ನೆ ಕೇಳಿ. "ಚೆನ್ನಾಗಿತ್ತಾ?" ಅಂತ ಕೇಳಬೇಡಿ, ಹೌದು ಅನ್ನುತ್ತಾರೆ. "ಎಲ್ಲಿ ಬೇಜಾರಾಯ್ತು?", "ಆ ಬೇಲಿಯನ್ನ ಅಲ್ಲಿ ಯಾಕೆ ಹಾಕಿದ್ರಿ?", "ಸೋತದ್ದು ಯಾಕೆ ಅನ್ಸುತ್ತೆ?" ಇಂಥವನ್ನು ಕೇಳಿ. ಕೊನೆಯ ಪ್ರಶ್ನೆ ಬಂಗಾರ. ಅವರು ಕೊಡುವ ಕಾರಣವೂ ನಿಜವಾದ ಕಾರಣವೂ ಒಂದೇ ಆದರೆ ಆಟ ತನ್ನ ನಿಯಮವನ್ನು ಸರಿಯಾಗಿ ಕಲಿಸುತ್ತಿದೆ ಅಂತ ಅರ್ಥ.

ಹಂತ 6: ದೂರನ್ನು ನಂಬಿ, ಮದ್ದನ್ನು ನೀವೇ ಹುಡುಕಿ

"ಪಟಾಕಿಗೆ ಇನ್ನೂ ಬಲ ಕೊಡಿ" ಅಂತ ಒಬ್ಬರು ಹೇಳಿದರೆ, ಅವರಿಗೆ ಏನೋ ಸರಿಯಿಲ್ಲ ಅನ್ನಿಸಿದ್ದು ನಿಜ. ಆದರೆ ಕಾರಣ ಸಿಡಿಯುವ ಸದ್ದು ಸಣ್ಣದಾಗಿರುವುದೂ ಇರಬಹುದು, ಹಂದಿ ಕಿರುಚದೆ ಓಡುವುದೂ ಇರಬಹುದು. ಸದ್ದು, ಪರದೆಯ ನಡುಕ, ಪ್ರಾಣಿಯ ಪ್ರತಿಕ್ರಿಯೆ ಇವನ್ನು ಸರಿಮಾಡಿದರೆ ಸಂಖ್ಯೆ ಅದೇ ಇದ್ದರೂ ಬಲ ಬಂದಂತೆ ಅನ್ನಿಸುತ್ತದೆ.

2007ರ ಪೋರ್ಟಲ್ ಗೇಮ್‌ನಲ್ಲಿ ಒಂದು ಹಂತದುದ್ದಕ್ಕೂ ಒಂದೇ ಪೆಟ್ಟಿಗೆಯನ್ನು ಹೊತ್ತೊಯ್ಯಬೇಕು. ಟೆಸ್ಟ್ ಆಡಿದವರು ಪೆಟ್ಟಿಗೆಯನ್ನು ಹಿಂದೆಯೇ ಬಿಟ್ಟು ಹೋಗುತ್ತಿದ್ದರು. ತಂಡ ಪೆಟ್ಟಿಗೆಯ ಮೇಲೆ ಹೃದಯದ ಗುರುತು ಹಾಕಿ, ಅದು ನಿಮ್ಮ ಸಂಗಾತಿ ಅಂತ ಆಟದ ದನಿಯಿಂದಲೇ ಹೇಳಿಸಿತು. ಆಮೇಲೆ ಆಟಗಾರರೇ ಅದನ್ನು ಬಿಡಲೊಲ್ಲದೆ ಹೊತ್ತುಕೊಂಡು ಹೋದರು.

ಐದು ಜನರಲ್ಲಿ ಒಬ್ಬರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮೂವರು ಒಂದೇ ಜಾಗದಲ್ಲಿ ಎಡವಿದರೆ ಅಂದೇ ಸರಿಮಾಡಿ.

ಹಂತ 7: ಒಂದು ಸಲಕ್ಕೆ ಒಂದೇ ಸಂಖ್ಯೆ, ಅದೂ ದೊಡ್ಡದಾಗಿ

ಈಗ ನಂಬರ್ ಬದಲಾಯಿಸಬಹುದು. ಹಂದಿಯ ಜೀವ ಜಾಸ್ತಿ ಅನ್ನಿಸಿದರೆ 60ನ್ನು 57 ಮಾಡಬೇಡಿ, 30 ಮಾಡಿ. ಸಿವಿಲೈಸೇಶನ್ ಆಟಗಳ ವಿನ್ಯಾಸಕ ಸಿಡ್ ಮೈಯರ್ ಪಾಲಿಸುವ ನಿಯಮ ಇದು: ಎರಡರಷ್ಟು ಮಾಡಿ, ಇಲ್ಲವೇ ಅರ್ಧ ಮಾಡಿ. ಸಣ್ಣ ಬದಲಾವಣೆ ಕೆಲಸ ಮಾಡಿತೋ ಇಲ್ಲವೋ ಅಂತಲೇ ತಿಳಿಯುವುದಿಲ್ಲ. ಅರ್ಧ ಮಾಡಿದಾಗ ಆಟ ಸಪ್ಪೆಯಾದರೆ ಸರಿಯಾದ ಸಂಖ್ಯೆ 30ಕ್ಕೂ 60ಕ್ಕೂ ನಡುವೆ ಇದೆ ಅಂತ ತಕ್ಷಣ ಗೊತ್ತಾಯಿತು. 45 ಹಾಕಿ ಮತ್ತೆ ಆಡಿ. ಅರ್ಧ ಮಾಡಿದರೂ ಏನೂ ವ್ಯತ್ಯಾಸ ಕಾಣದಿದ್ದರೆ ತೊಂದರೆ ಜೀವದಲ್ಲಿ ಇಲ್ಲವೇ ಇಲ್ಲ, ಬೇರೆ ಕಡೆ ಹುಡುಕಿ.

ನುಣುಪು ಮಾಡುವ ಸಮಯ ಬಂದಾಗ ಸಣ್ಣ ಸಂಖ್ಯೆಗಳೂ ದೊಡ್ಡ ಕೆಲಸ ಮಾಡುತ್ತವೆ. ಗುಂಡು ಹಾರಿಸುವ ಆಟ ಹೇಲೋ 3ರಲ್ಲಿ, ದೂರಕ್ಕೆ ಗುರಿಯಿಟ್ಟು ಹೊಡೆಯುವ ಸ್ನೈಪರ್ ಬಂದೂಕಿನ ಎರಡು ಗುಂಡುಗಳ ನಡುವಿನ ಸಮಯವನ್ನು 0.5 ಸೆಕೆಂಡಿನಿಂದ 0.7ಕ್ಕೆ ಏರಿಸಿದರು. ಆ ಒಂದು ಬದಲಾವಣೆ ಯಾಕೆ, ಹೇಗೆ ಅನ್ನುವುದರ ಬಗ್ಗೆಯೇ ವಿನ್ಯಾಸಕ ಜೇಮಿ ಗ್ರೀಸ್‌ಮರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದು ಪೂರ್ತಿ ಉಪನ್ಯಾಸ ಕೊಟ್ಟರು. ಬಂದೂಕಿನ ಏಟನ್ನು ತಗ್ಗಿಸಿದ್ದರೆ ಅದು ಸ್ನೈಪರ್ ಅನ್ನಿಸಿಕೊಳ್ಳುತ್ತಲೇ ಇರಲಿಲ್ಲ. ಯಾವ ಸಂಖ್ಯೆಯನ್ನು ಮುಟ್ಟಬೇಕು ಅನ್ನುವುದು ಎಷ್ಟು ಮುಟ್ಟಬೇಕು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಪ್ರತಿ ಬದಲಾವಣೆಯನ್ನೂ ಬರೆದಿಡಿ: ತಾರೀಖು, ಬಿಲ್ಡ್ ಸಂಖ್ಯೆ, ಏನಿತ್ತು, ಏನಾಯಿತು, ಯಾಕೆ. ಬಿಲ್ಡ್ ಅಂದರೆ ಆಡಲು ಸಿದ್ಧಮಾಡಿದ ಒಂದು ಆವೃತ್ತಿ. ಅದರ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣುತ್ತಿರಲಿ, ಇಲ್ಲದಿದ್ದರೆ ಯಾರು ಯಾವ ಆಟದ ಬಗ್ಗೆ ದೂರುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ.

ಹಂತ 8: ಅದೃಷ್ಟದ ಲೆಕ್ಕ

ಹಂದಿ ಓಡಿಸಿದಾಗ ಹತ್ತರಲ್ಲಿ ಒಂದು ಸಲ ವಿಶೇಷ ಬೀಜ ಸಿಗುತ್ತದೆ ಅಂತಿಟ್ಟಿದ್ದೀರಿ. ಹತ್ತು ಹಂದಿ ಓಡಿಸಿದವರಿಗೆ ಒಂದು ಸಿಕ್ಕೇ ಸಿಗುತ್ತದೆ ಅಂದುಕೊಂಡಿರಾ? ನೂರು ಜನರಲ್ಲಿ ಸುಮಾರು 35 ಜನರಿಗೆ ಒಂದೂ ಸಿಕ್ಕಿರುವುದಿಲ್ಲ. ಇಪ್ಪತ್ತು ಓಡಿಸಿದರೂ 12 ಜನ, ಮೂವತ್ತಾದರೂ 4 ಜನ ಬರಿಗೈ. ಈ ನಾಲ್ವರು ಆಟವನ್ನು ಮೋಸ ಅನ್ನುತ್ತಾರೆ, ಅವರ ಜಾಗದಲ್ಲಿ ನಿಂತು ನೋಡಿದರೆ ತಪ್ಪೇನಿಲ್ಲ. ಪರಿಹಾರ ಸುಲಭ. ಸಿಗದ ಪ್ರತಿ ಸಲಕ್ಕೂ ಸಾಧ್ಯತೆಯನ್ನು ಸ್ವಲ್ಪ ಏರಿಸಿ, ಹದಿನೈದನೆಯದರಲ್ಲಿ ಕೊಟ್ಟೇಬಿಡಿ.

ಸಿಡ್ ಮೈಯರ್ ತಮ್ಮ 2010ರ ಉಪನ್ಯಾಸದಲ್ಲಿ ಇದನ್ನೇ ವಿವರಿಸಿದ್ದರು. ಎದುರಾಳಿಯ ಒಂದಕ್ಕೆ ತಮ್ಮದು ಮೂರರಷ್ಟು ಬಲವಿದ್ದೂ ಸೋತ ಆಟಗಾರರು ಅದನ್ನು ಒಪ್ಪಲೇ ಇಲ್ಲ. ಗಣಿತದ ಪ್ರಕಾರ ನಾಲ್ಕರಲ್ಲಿ ಒಂದು ಸಲ ಸೋಲಬೇಕು. ಕೊನೆಗೆ ಮನಸ್ಸಿಗೆ ತಕ್ಕಂತೆ ಲೆಕ್ಕವನ್ನೇ ಬದಲಿಸಬೇಕಾಯಿತು.

ಹಂತ 9: ಡೇಟಾ ನೋಡುವಾಗ ಎಚ್ಚರ

ಆಡುವವರು ಜಾಸ್ತಿಯಾದಂತೆ ಆಟವೇ ಲೆಕ್ಕ ಬರೆದುಕೊಳ್ಳುವಂತೆ ಮಾಡಬಹುದು. ಎಲ್ಲಿ ಸೋತರು, ಏನು ಕೊಂಡರು, ಎಷ್ಟು ಹೊತ್ತು ಆಡಿದರು. ಆಟಗಾರರು ಸತ್ತ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಬಣ್ಣದಲ್ಲಿ ತೋರಿಸಿದರೆ ಅದು ಹೀಟ್‌ಮ್ಯಾಪ್. ಹೇಲೋ 3 ತಯಾರಾಗುವಾಗ ಇದನ್ನು ಚೆನ್ನಾಗಿ ಬಳಸಿಕೊಂಡರು. ಕಾರ್ಡ್ ಆಟ ಸ್ಲೇ ದ ಸ್ಪೈರ್ 2017ರ ನವೆಂಬರಿನಲ್ಲಿ ಅರ್ಲಿ ಆ್ಯಕ್ಸೆಸ್‌ಗೆ ಬಂತು. ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ ಬಂತು. 2019ರ ಜನವರಿಯಲ್ಲಿ ಮುಗಿಯುವವರೆಗೂ ಅದರ ಚಿಕ್ಕ ತಂಡ ಆಟಗಾರರ ಡೇಟಾ ನೋಡಿಕೊಂಡು ಕಾರ್ಡ್‌ಗಳನ್ನು ತಿದ್ದುತ್ತಾ ಹೋಯಿತು.

ನಿಮ್ಮ ಹತ್ತಿರ ಅಷ್ಟು ಜನ ಇಲ್ಲದಿರುವಾಗ ಸಣ್ಣ ಲೆಕ್ಕಕ್ಕೆ ಮರುಳಾಗಬೇಡಿ. ಇಬ್ಬರು ಆಡುವ ಆಟದಲ್ಲಿ ಹತ್ತು ಪಂದ್ಯಕ್ಕೆ ಏಳನ್ನು ಹುಲಿಯ ಕಡೆಯವರು ಗೆದ್ದರು ಅಂದುಕೊಳ್ಳಿ. ಎರಡೂ ಕಡೆ ನಿಜಕ್ಕೂ ಸಮವಾಗಿದ್ದರೂ, ಅವರು ಏಳು ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ನೂರಕ್ಕೆ 17. ಹತ್ತು ಪಂದ್ಯ ನೋಡಿ ಹುಲಿಯ ಬಲ ಕಡಿಮೆ ಮಾಡುವುದು ಅವಸರ. ನೂರು ಪಂದ್ಯಕ್ಕೆ ಎಪ್ಪತ್ತಾದರೆ ಅನುಮಾನವೇ ಬೇಡ.

ಹಂತ 10: ಎಲ್ಲರಿಗೂ ಒಂದೇ ಕಷ್ಟ ಬೇಡ

ಎಷ್ಟೇ ತಿದ್ದಿದರೂ ಒಂದೇ ಮಟ್ಟದ ಕಷ್ಟ ಎಲ್ಲರಿಗೂ ಸರಿಹೋಗುವುದಿಲ್ಲ. ಸುಲಭ, ಕಷ್ಟ ಅಂತ ಎರಡು ಬಟನ್ ಇಡುವುದು ಒಂದು ದಾರಿ. ಆದರೆ ಅಲ್ಲಿ ಬರೀ ಹಂದಿಯ ಜೀವವನ್ನು ಎರಡರಷ್ಟು ಮಾಡಿದರೆ ಆಟ ಕಷ್ಟವಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೇ. 2018ರ ಸೆಲೆಸ್ಟ್ ತುಂಬಾ ಕಠಿಣವಾದ ನೆಗೆತದ ಆಟ. ಅದರ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನೇ ತಗ್ಗಿಸಿಕೊಳ್ಳಬಹುದು, ಬೇಕಾದರೆ ಸಾಯದಂತೆಯೂ ಮಾಡಿಕೊಳ್ಳಬಹುದು. ಕೈ ಬೆರಳು ಚುರುಕಾಗಿ ಆಡದವರೂ ಕಥೆಯ ಕೊನೆ ನೋಡಬಹುದು. ಚಿಕ್ಕ ತಂಡಗಳು ಈ ದಾರಿಯನ್ನೇ ಹಿಡಿಯಿರಿ ಅಂತ ಒತ್ತಾಯಿಸಿ ಹೇಳುತ್ತೇನೆ. ಖರ್ಚು ಕಡಿಮೆ, ಆಡುವವರು ಜಾಸ್ತಿ.

ಆಟವೇ ಆಟಗಾರರನ್ನು ಗಮನಿಸಿ ಕಷ್ಟ ಏರಿಸಿ ಇಳಿಸುವ ವಿಧಾನವೂ ಇದೆ. 2008ರ ಲೆಫ್ಟ್ 4 ಡೆಡ್‌ನ ಡೈರೆಕ್ಟರ್ ವ್ಯವಸ್ಥೆ ಇದಕ್ಕೆ ಹೆಸರುವಾಸಿ. ಮೊದಲ ಗೇಮ್‌ಗೆ ಇದು ಬೇಡ. ಸಂಖ್ಯೆಗಳು ತಾವಾಗಿಯೇ ಬದಲಾಗುತ್ತಿದ್ದರೆ ಟೆಸ್ಟ್‌ನಲ್ಲಿ ಯಾವುದು ಯಾಕೆ ಆಯಿತು ಅಂತ ಹಿಡಿಯುವುದು ಬಹಳ ಕಷ್ಟ.

ಹಂತ 11: ಬಿಡುಗಡೆಗೆ ಮುಂಚಿನ ಮುಚ್ಚಿದ ಟೆಸ್ಟ್

ಆ್ಯಂಡ್ರಾಯ್ಡ್‌ನಲ್ಲಿ ಬಿಡುಗಡೆ ಮಾಡುವವರು ಇದನ್ನು ಮರೆಯಬೇಡಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಗೂಗಲ್ ಪ್ಲೇನಲ್ಲಿ ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ಕ್ಲೋಸ್ಡ್ ಟೆಸ್ಟ್ ನಡೆಸಲೇಬೇಕು. ಆಹ್ವಾನ ಪಡೆದವರಷ್ಟೇ ಆಡುವ ಟೆಸ್ಟ್ ಅದು. ಕನಿಷ್ಠ 12 ಜನ, ಸತತ 14 ದಿನ ಸೇರಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು. ನಿಯಮ ಬದಲಾಗುತ್ತಿರುತ್ತದೆ, ಪ್ಲೇ ಕನ್ಸೋಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಐಫೋನ್‌ಗೆ ಟೆಸ್ಟ್‌ಫ್ಲೈಟ್ ಇದೆ. ಅದರಲ್ಲಿ ಹೊರಗಿನ 10,000 ಜನರವರೆಗೆ ಆಹ್ವಾನಿಸಬಹುದು, ಪ್ರತಿ ಬಿಲ್ಡ್ 90 ದಿನ ನಡೆಯುತ್ತದೆ.

ಈ ಹದಿನಾಲ್ಕು ದಿನವನ್ನು ಬರೀ ನಿಯಮ ಪೂರೈಸಲು ಕಳೆಯಬೇಡಿ. ಹನ್ನೆರಡು ಜನರಲ್ಲಿ ಅರ್ಧದಷ್ಟಾದರೂ ಆಟವನ್ನು ಮುಂಚೆ ನೋಡದವರಿರಲಿ. ಮೊದಲ ವಾರ ಬಗ್ ಸರಿಮಾಡಿ. ಎರಡನೇ ವಾರ ಸಂಖ್ಯೆಗಳನ್ನು ಮುಟ್ಟಲೇಬೇಡಿ, ಕ್ರ್ಯಾಶ್ ಆಗುವುದನ್ನು ಮಾತ್ರ ಸರಿಮಾಡಿ. ಕೊನೆಯ ರಾತ್ರಿ "ಇದೊಂದು ಬೆಲೆ ಬದಲಾಯಿಸಿಬಿಡ್ತೀನಿ" ಅನ್ನಿಸುತ್ತದೆ. ಶೀಟ್‌ನಲ್ಲಿ ಬರೆದಿಡಿ, ಮೊದಲ ಅಪ್‌ಡೇಟ್‌ಗೆ ಇರಲಿ. ಬಿಡುಗಡೆಯಾದ ಮೇಲೆ ಏನನ್ನಾದರೂ ದುರ್ಬಲ ಮಾಡಬೇಕಾಗಿ ಬಂದರೆ, ಅಪ್‌ಡೇಟ್‌ನ ಸೂಚನೆಯಲ್ಲಿ ಏನು, ಎಷ್ಟು, ಯಾಕೆ ಅಂತ ನೇರವಾಗಿ ಬರೆಯಿರಿ. ಆ ವಸ್ತುವಿಗಾಗಿ ಆಗಲೇ ನಾಣ್ಯ ಕೂಡಿಟ್ಟು ಖರ್ಚು ಮಾಡಿದವರಿಗೆ ಆ ನಾಣ್ಯವನ್ನು ವಾಪಸ್ ಕೊಡಿ.